ಪುಟ್ಟಿಯ ಎರಡು ಸುತ್ತು

12 ಆಗಸ್ಟ್ 2025, ಮಂಗಳವಾರ

ತಲೆ ಸಿಡಿಯುತ್ತಿದೆ. ಆದರೂ ಬರೆದೇ ಮಲಗಬೇಕು.

ಅನ್ನಕ್ಕಿಡುವ ಹೊತ್ತಿಗೆ ಪುಟ್ಟಿಯ ಫೋನ್. "ಚಿಕ್ಕಮ್ಮ, ಸರ್ಕಮ್‌ನ್ಯಾವಿಗೇಟ್, ಸರ್ಕಮ್‌ವೆಂಟ್, ಎರಡೂ ಸುತ್ತಿ ಹೋಗೋದೇ ಅಲ್ವಾ? ಮಾಕ್ ಟೆಸ್ಟ್‌ನಲ್ಲಿ ಎರಡನ್ನೂ ಆಪ್ಷನ್ ಕೊಟ್ಟಿದ್ದಾರೆ."

ಮೊದಲನೆಯದು ಸುಲಭ ಅಂದೆ. ನೌಕಾಪಡೆಯ ಇಬ್ಬರು ಹೆಣ್ಮಕ್ಕಳು ತಾರಿಣಿ ಹಾಯಿದೋಣಿಯಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಮೇನಲ್ಲಿ ಗೋವಾಕ್ಕೆ ಬಂದರಲ್ಲ, ಅದು. ಹೊರಟ ಕಡೆಗೇ ವಾಪಸ್ ಬಂದರು. ಸರ್ಕಮ್‌ವೆಂಟ್‌ನಲ್ಲಿ ವಾಪಸ್ ಬರುವ ಮಾತಿಲ್ಲ. ಎದುರಿಗೆ ಏನೋ ಅಡ್ಡ ಇದೆ, ಜಾಸ್ತಿ ಸಲ ಅದೊಂದು ಕಾನೂನು. ಅದನ್ನು ಮುರಿಯದೆ ಸುತ್ತುಬಳಸಿ ಆಚೆ ದಾಟುವುದು.

"ಅಂದ್ರೆ ಚಳ್ಳೆಹಣ್ಣು ತಿನ್ಸೋದು."

"ಸುಮಾರು ಹಾಗೇ. ಅದಿರಲಿ, ಭಾನುವಾರ ಹುಡುಗನ ಮನೆಯವರು ಬಂದಿದ್ರಂತಲ್ಲ, ಏನಾಯ್ತು?"

"ಹಾಗಾದ್ರೆ ಚಿಕ್ಕಮ್ಮ, ಮೆಗಲನ್ ಮಾಡಿದ್ದು ಯಾವುದು?"

ಕಳ್ಳಿ. ಗೊತ್ತಿದ್ದೂ ಗಾಳಕ್ಕೆ ಬಿದ್ದೆ. ಎರಡೂ ಹೌದು ಅಲ್ವಾ? ಸ್ಪೇನ್, ಪೋರ್ಚುಗಲ್ ಮಾಡಿಕೊಂಡ 1494ರ ಟೋರ್ಡೆಸಿಲ್ಲಾಸ್ ಒಪ್ಪಂದದಿಂದ ಆಫ್ರಿಕಾ ಕಡೆಯ ದಾರಿ ಪೋರ್ಚುಗೀಸರದ್ದಾಗಿತ್ತು. ಸ್ಪೇನಿಗೆ ಲವಂಗ ಬೇಕು. ಅದಕ್ಕೇ 1519ರಲ್ಲಿ ಮೆಗಲನ್ ಮುಂದಾಳತ್ವದಲ್ಲಿ ಐದು ಹಡಗು ಪಶ್ಚಿಮಕ್ಕೆ ಹೊರಟವು. ಒಪ್ಪಂದ ಮುರಿಯಬಾರದು, ಲವಂಗವೂ ಸಿಗಬೇಕು. ಭೂಮಿ ಸುತ್ತುವ ಯೋಚನೆ ಯಾರಿಗಿತ್ತು! ಮೆಗಲನ್ 1521ರಲ್ಲಿ ಫಿಲಿಪ್ಪೀನ್ಸ್‌ನಲ್ಲೇ ಸತ್ತ. ಮರುವರ್ಷ ಐದರಲ್ಲಿ ವಿಕ್ಟೋರಿಯಾ ಅನ್ನೋ ಹಡಗೊಂದನ್ನು ಸ್ಪೇನಿಗೆ ಮುಟ್ಟಿಸಿದ್ದು ಜೊತೆಗಿದ್ದ ಎಲ್ಕಾನೋ. ಬಂದದ್ದು ಆಫ್ರಿಕಾ ಕಡೆಯಿಂದಲೇ; ದಾರಿಯಲ್ಲಿ ಪೋರ್ಚುಗೀಸರ ಕೈಲಿದ್ದ ಕೇಪ್ ವರ್ಡ್ ದ್ವೀಪದಲ್ಲಿ ದವಸಕ್ಕೆ ನಿಂತು, ನಾವು ಅಮೆರಿಕದಿಂದ ಬಂದವರು ಅಂತ ಪೋರ್ಚುಗೀಸರಿಗೆ ಬೂಸಿ ಬಿಟ್ಟರು. ಆಮೇಲೆ ಗುಟ್ಟು ರಟ್ಟಾಗಿ ಕೆಲವರು ಸಿಕ್ಕಿಬಿದ್ದರು.

ನನಗೆ ಇಷ್ಟವಾದವನು ಆ ಹಡಗಿನಲ್ಲಿದ್ದ ಪಿಗಫೆಟ್ಟ. ಒಂದು ದಿನವೂ ತಪ್ಪದೆ ದಿನಚರಿ ಬರೆದವನು. ಅವನ ಲೆಕ್ಕದಲ್ಲಿ ಬುಧವಾರ, ಕೇಪ್ ವರ್ಡ್ ದಡದಲ್ಲಿ ಮಾತ್ರ ಗುರುವಾರ! ಪಶ್ಚಿಮಕ್ಕೇ ಹೋಗುತ್ತಾ ಹೋಗುತ್ತಾ ಒಂದು ದಿನವೇ ಕಳೆದುಹೋಗಿತ್ತು. ಪಾಪ, ಎಷ್ಟು ಸಲ ಪುಟ ತಿರುವಿ ನೋಡಿರಬೇಕು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ಪುಟ್ಟಿ "ಥ್ಯಾಂಕ್ಸ್" ಅಂತ ಫೋನ್ ಇಟ್ಟಳು.

ಈಗ ಅಕ್ಕನ ಮೆಸೇಜ್: "ಏನಂದ್ಲು?" ಮೆಗಲನ್ ಅಂತ ಬರೆಯಲಾ? ಹುಡುಗ ಒಳ್ಳೆಯವನೇ ಅನ್ನುತ್ತಾರೆ. ಆದರೆ ಅವಳು ಅವನ ಹೆಸರೂ ಎತ್ತಲಿಲ್ಲ, ಅದನ್ನು ಅಕ್ಕನಿಗೆ ಹೇಗೆ