ದುಶ್ಶಾಸನನ ಬಾಯಿ ಮುಚ್ಚಿಸದೆ ಆಟ ದಾಟಿಸಿದ್ದು

ಕೊನೆಗೂ ನಮ್ಮ ಬಯಲಾಟದ ದುಶ್ಶಾಸನ ಆಟ ಕೆಡಿಸದೆ ಸತ್ತ. ಭೀಮ ಗದೆ ಎತ್ತಿಕೊಂಡು ಕಾಯುತ್ತಾ ನಿಲ್ಲಲಿಲ್ಲ. ಮದ್ದಲೆಯವರು ಸಿಟ್ಟು ಮಾಡಿಕೊಂಡು ಎದ್ದು ಹೋಗಲಿಲ್ಲ. ನಮ್ಮ ತಾಲೀಮು ಒಂದು ಸಲ ನೋಡಿದವರಿಗೂ ಗೊತ್ತು, ಇದು ಸಣ್ಣ ಸುದ್ದಿ ಅಲ್ಲ.

ಪಾತ್ರ ಹಂಚಿದ್ದು, ಮಾತು ಬಾಯಿಪಾಠ ಮಾಡಿಸಿದ್ದು, ಹೆಜ್ಜೆ ಕೂರಿಸಿದ್ದು ಇದನ್ನೆಲ್ಲ ಬರೆಯೋದಿಲ್ಲ. ಬಯಲಾಟ ಆಡಿಸಿದವರಿಗೆ ಅದೆಲ್ಲ ಮಾಮೂಲಿ. ಈ ಸಲ ಪೂರ್ತಿ ಜಾಗ ಒಂದೇ ಕಗ್ಗಂಟಿಗೆ: ಆಟದ ನಡುವೆ ಜನಕ್ಕೆ ಎದುರುತ್ತರ ಕೊಡುವ ದುಶ್ಶಾಸನ.

ಹೊಸದಾಗಿ ಓದುವವರಿಗೆ ಎರಡು ಮಾತು. ತೋರಣಗಲ್ಲಿನ ಕೆಲಸದಲ್ಲಿ ಟ್ರೇನಿಂಗ್ ಹೆಸರಲ್ಲಿ ನಾನು ಕಲಿತ ಒಂದು ವಿದ್ಯೆ ಇದೆ. ಮನುಷ್ಯನ ಕೊರತೆಗಳ ಪಟ್ಟಿ ಹಿಡಿದು ತಿದ್ದುತ್ತಾ ಕೂರಬೇಡಿ, ಅವನಲ್ಲಿರುವ ಬಲ ಹುಡುಕಿ ಅದನ್ನು ಬೆಳೆಸಿ ಅನ್ನುವ ಕೋಚಿಂಗ್. ಅಮೆರಿಕದ ಡೊನಾಲ್ಡ್ ಕ್ಲಿಫ್ಟನ್ ಈ ದಾರಿಯ ಹಿರಿಯ. ಅವರ ಪರೀಕ್ಷೆಯಲ್ಲಿ 34 ಬಗೆಯ ಬಲಗಳಿವೆ, ಆದರೆ ಅದಕ್ಕೆ ದುಡ್ಡು ಕೊಡಬೇಕು. ನಮ್ಮ ಮೇಳದ ದುಡ್ಡು ಚಹಾಕ್ಕೇ ಸಾಲಲ್ಲ. ಹಾಗಾಗಿ ಪುಕ್ಕಟೆ ಸಿಗುವ ವಿಐಎ ಅನ್ನುವ ಒಳ್ಳೆ ಗುಣಗಳ ಪಟ್ಟಿ ಹಿಡಿದೆ. ಪೀಟರ್ಸನ್ ಮತ್ತು ಸೆಲಿಗ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲಿ ವಿಂಗಡಿಸಿ ಕೊಟ್ಟ 24 ಗುಣಗಳು. ಪ್ರಶ್ನೆಗಳನ್ನು ನಾನೇ ಕನ್ನಡ ಮಾಡಿ ಬಾಯಲ್ಲಿ ಕೇಳಿದೆ.

ನಮ್ಮ ದುಶ್ಶಾಸನ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಎತ್ತರ ಇದೆ, ಕಂಠ ಇದೆ, ಕುಣಿತವೂ ಅಡ್ಡಿಯಿಲ್ಲ. ಪಟ್ಟಿಯಲ್ಲಿ ಮೇಲೆ ಬಂದಿದ್ದು ಹಾಸ್ಯ, ಹುರುಪು, ಎದುರಿನವರ ಮನಸ್ಸು ಓದುವ ಗುಣ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಕತ್ತಲಲ್ಲಿ ಹಿಂದೆ ಕೂತ ಯಾರೋ ಒಬ್ಬರು "ಏ ದುಶ್ಶಾಸನ, ನಾಚಿಕೆ ಐತೇನೋ ನಿನಗೆ?" ಅಂತ ಕೂಗಿದರೆ ಸಾಕು, ಇವನು ಯುದ್ಧ ಬಿಟ್ಟು ಆ ಕಡೆ ತಿರುಗುತ್ತಿದ್ದ. ಉತ್ತರ ಕೊಡುತ್ತಿದ್ದ. ಅದು ಎಂಥ ಉತ್ತರ ಅಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಮತ್ತೊಬ್ಬ ಕೂಗುತ್ತಿದ್ದ, ಇವನು ಮತ್ತೊಂದು ಕೊಡುತ್ತಿದ್ದ. ಅಷ್ಟರಲ್ಲಿ ಹಿಮ್ಮೇಳ ಎತ್ತಿಕೊಂಡ ಪದ ಗಾಳಿಗೆ. ಭೀಮನ ಕೈ ಸೋತು ಗದೆ ಕೆಳಗೆ. ಎದೆ ಬಗೆದು ರಕ್ತ ಕುಡಿಯುವ ಹೊತ್ತಿಗೆ ಜನ ಇನ್ನೂ ನಗುತ್ತಿದ್ದರು.

ಆಟ ಕಲಿಸುವ ಮಾಸ್ತರು ಅವರ ದಾರಿಯಲ್ಲೇ ಹೋದರು. ಬರೆದದ್ದು ಬಿಟ್ಟು ಒಂದಕ್ಷರ ಆಡಬಾರದು ಅಂತ ಕಟ್ಟಪ್ಪಣೆ. ಹುಡುಗ ಪಾಲಿಸಿದ. ಆ ರಾತ್ರಿಯ ದುಶ್ಶಾಸನ ಶಾಲೆಯಲ್ಲಿ ಹಾಜರಿ ಕೂಗಿದಂತೆ ಮಾತು ಒಪ್ಪಿಸಿದ. ಕಣ್ಣಲ್ಲಿ ಕಳೆ ಇಲ್ಲ. ಮೀಸೆ ತಿರುವಿದ್ದೂ ಯಾರದೋ ಮೀಸೆ ತಿರುವಿದ ಹಾಗಿತ್ತು. ಬಾಯಿ ಬಿಟ್ಟರೆ ಆಟ ಹಾಳು, ಬಾಯಿ ಮುಚ್ಚಿಸಿದರೆ ಪಾತ್ರ ಹಾಳು. ಅತ್ತ ದರಿ, ಇತ್ತ ಪುಲಿ.

"ಸಾರಥಿ ಪಾತ್ರ ಕೊಟ್ಟುಬಿಡಿ, ಅಲ್ಲಿ ಎಷ್ಟಾದರೂ ಮಾತಾಡಲಿ" ಅಂದವರು ಜಾಸ್ತಿ. ಬಯಲಾಟದಲ್ಲಿ ಪಾತ್ರಗಳನ್ನು ಮಾತಾಡಿಸುತ್ತಾ ನಗಿಸುವವನು ಸಾರಥಿ. ಸುಲಭದ ದಾರಿ, ನಿಜ. ಆದರೆ ಚೆನ್ನಾಗಿ ಮಾಡಲು ಬಂದ ಮಾತ್ರಕ್ಕೆ ಅದು ಬಲ ಆಗಲ್ಲ, ಮಾಡಿದರೆ ಮೈಗೆ ಹುರುಪು ಏರಬೇಕು. ಇವನಿಗೆ ಸಾರಥಿ ಅಂದರೆ ಮುಖ ಬಾಡುತ್ತದೆ. ಭುಜಕೀರ್ತಿ ಕಟ್ಟಿಕೊಂಡು ಗೆಜ್ಜೆ ಕುಟ್ಟುತ್ತಾ ಬರುವ ಆಸೆಯಿಂದಲೇ ಅವನು ಮೇಳಕ್ಕೆ ಬಂದಿದ್ದು.

ವಿಐಎ ಕಡೆಯವರ ಒಂದು ಸಲಕರಣೆ ಇಲ್ಲಿ ಕೆಲಸಕ್ಕೆ ಬಂತು. ಪ್ರತಿ ಗುಣಕ್ಕೂ ಕೊರತೆ, ಹದ, ಅತಿ ಅಂತ ಮೂರು ನೆಲೆ. ಹಾಸ್ಯ ಕಡಿಮೆಯಾದರೆ ಬಿಗಿ ಮುಖ, ಅತಿಯಾದರೆ ಚೆಲ್ಲಾಟ. ಎರಡನ್ನೂ ನೋಡಿ ಆಗಿತ್ತು. ಹದ ಎಲ್ಲಿದೆ ಅಂತ ಮಾತ್ರ ಆ ಪಟ್ಟಿ ಹೇಳಲ್ಲ. ಹೇಳೋಕೆ ಅದೇನು ಬಯಲಾಟ ನೋಡಿದೆಯಾ?

ಇನ್ನೊಂದು ಪದ್ಧತಿ ಇದೆ. ನಿಮ್ಮನ್ನು ಬಲ್ಲವರಿಂದ ನೀವು ತುಂಬಾ ಚೆನ್ನಾಗಿದ್ದ ಹೊತ್ತಿನ ಘಟನೆಗಳನ್ನು ಕೇಳಿ ಕೂಡಿಸುವುದು. ಮೇಳದವರಿಗೆಲ್ಲ ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿ ಅಂದೆ. ನಮ್ಮ ಜನಕ್ಕೆ ಬೈಯ್ಯೋಕೆ ಬರುವಷ್ಟು ಚೆನ್ನಾಗಿ ಹೊಗಳೋಕೆ ಬರಲ್ಲ. ಎಲ್ಲರದ್ದೂ "ಹುಡುಗ ಚೆನ್ನಾಗಿ ಮಾಡ್ತಾನೆ ಅಣ್ಣ, ಆದ್ರೆ..." ಆ "ಆದ್ರೆ" ಆದಮೇಲೆ ಐದು ನಿಮಿಷ ದೂರು.

ಹಾರ್ಮೋನಿಯಂ ನುಡಿಸುವ ಹಿರಿಯರು ಮಾತ್ರ ಬೇರೆ ಹೇಳಿದರು. ಹಿಂದೊಮ್ಮೆ ಅವರ ಶ್ರುತಿ ಎಲ್ಲೋ ತಪ್ಪಿತ್ತಂತೆ. ಕುಣಿಯುತ್ತಿದ್ದವನು ಒಂದು ಸುತ್ತು ಹೆಚ್ಚು ಹಾಕಿ ಅವರಿಗೆ ಸರಿಮಾಡಿಕೊಳ್ಳಲು ಹೊತ್ತು ಕೊಟ್ಟನಂತೆ. "ಯಾರಿಗೂ ಗೊತ್ತಾಗಲಿಲ್ಲ. ಅವನಿಗೆ ಕೇಳಿಸಿತ್ತು" ಅಂದರು.

ನನಗೆ ದಾರಿ ಕಂಡಿದ್ದು ಆ ಮಾತಿನಿಂದ. ಹಳೆ ಆಟದ ವಿಡಿಯೋ ಮತ್ತೆ ಹಾಕಿದೆ, ಈ ಸಲ ಅವನ ಬಾಯಿ ನೋಡದೆ ಕತ್ತು ನೋಡಿದೆ. ಯಾರೇ ಕೂಗಲಿ, ಉತ್ತರಕ್ಕೂ ಮೊದಲು ಕತ್ತು ತುಸು ಓರೆಯಾಗುತ್ತದೆ. ಹುಡುಗನ ದೊಡ್ಡ ಆಸ್ತಿ ಕಿವಿ. ಹಾಸ್ಯ ಆಮೇಲಿನದು.

ಇದನ್ನು ಹೇಳಿದಾಗ ಮೇಳದಲ್ಲೊಬ್ಬರು "ಬಳ್ಳಾರಿ ರಾಘವರಿಗೆ ಯಾವ ಕೋಚ್ ಇದ್ದ?" ಅಂತ ಚುಚ್ಚಿದರು. ರಾಘವರು (1880-1946) ರಂಗದ ಮೇಲೆ ದೊಡ್ಡ ನಟರು, ವೃತ್ತಿಯಲ್ಲಿ ವಕೀಲರು. ಎದುರು ವಕೀಲ ಏನಂದ ಅಂತ ಕೇಳಿಸಿಕೊಂಡು ಉತ್ತರ ಕೊಡುವ ಕಸುಬು. ಕಿವಿ ಕೋರ್ಟಿನಲ್ಲೇ ಪಳಗಿರುತ್ತೆ ಅಲ್ವಾ? ಚುಚ್ಚಿದವರು ಚಹಾ ಕುಡಿದರು, ಒಪ್ಪಲಿಲ್ಲ.

ಆಮೇಲೆ ಹುಡುಗನಿಗೆ ಕೇಳಿದೆ: "ಜನ ಕೂಗಿದ್ದು ನಿನಗೆ ಕೇಳಿಸುತ್ತೆ. ಭೀಮನಿಗೂ ಕೇಳಿಸಬೇಕಲ್ಲ?" ಸ್ವಲ್ಪ ಹೊತ್ತು ಸುಮ್ನೆ ಇದ್ದ. ಮರುದಿನ ಮಾತಿನ ಪುಸ್ತಕ ತಂದು ತೋರಿಸಿದ. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ನಿಂದ ಪುಟಪುಟಕ್ಕೂ ಗೀಟು. ಪದ ಮುಗಿದು ಮದ್ದಲೆಯ ಮುಕ್ತಾಯ ಬಿದ್ದ ಮೇಲೆ ಮಾತು ಬರುವ ಕಡೆ ಸಣ್ಣ ಗೀಟು, ಅಂದರೆ ಇಲ್ಲಿ ಬಿಚ್ಚಬಹುದು. ಹಿಮ್ಮೇಳ ಹಾಡುವಾಗ, ಕುಣಿತದಲ್ಲಿ ಉದ್ದ ಗೀಟು, ಅಂದರೆ ಕತ್ತರಿ ಹಾಕುವಂತಿಲ್ಲ. "ಬಟ್ಟೆ ಒಂದರ ಮೇಲೊಂದು ಪೇರಿಸಿರ್ತಾರೆ ಅಣ್ಣ. ಗೀಟು ಬಿಟ್ಟು ಕತ್ತರಿ ಆಡಿಸಿದ್ರೆ ಅಷ್ಟೂ ಪ್ಯಾಂಟು ಹೋಗುತ್ತೆ" ಅಂದ. ನನ್ನ ವರ್ಕ್‌ಶೀಟುಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಚಾಕ್ ಅಳಿಸಿ ಅಂಗೈ ಪೂರ್ತಿ ನೀಲಿ ಆಗಿತ್ತು, ಅದು ಬೇರೆ ಮಾತು.

ಎರಡನೇ ಕರಾರು ನನ್ನದು. ಉತ್ತರ ಏನಾದರೂ ಕೊಡು, ಆದರೆ ಜನಕ್ಕೆ ಕೊಡಬೇಡ, ಭೀಮನಿಗೆ ಕೊಡು.

ಕುರುಗೋಡು ಕಡೆಯ ಹಳ್ಳಿಯಲ್ಲಿ ಆಟ. ಕೂಗು ಬಂತು, ಅದೇ "ನಾಚಿಕೆ ಐತೇನೋ". ಕತ್ತು ಓರೆಯಾಯಿತು. ಪದ ನಡೆಯುತ್ತಿತ್ತು, ತಡೆದುಕೊಂಡ. ಮುಕ್ತಾಯ ಬಿದ್ದ ಕೂಡಲೇ ಭೀಮನ ಕಡೆ ಒಂದು ಹೆಜ್ಜೆ ಇಟ್ಟು, "ಕೇಳಿದೆಯೇನೋ ಭೀಮಾ? ಅಂದು ಸಭೆಯಲ್ಲಿ ತಲೆ ತಗ್ಗಿಸಿ ಕೂತ ನಿಮ್ಮೈವರಿಗೂ ಇದೇ ಮಾತು ಕೇಳಲು ಹೇಳು!" ಅಂದ. ಜನ ನಗಲಿಲ್ಲ. ಹೋ ಅಂತ ಎದ್ದರು. ಭೀಮನಿಗೆ ನಿಜಕ್ಕೂ ಸಿಟ್ಟು ಬಂದು ಗದೆ ಬೀಸಿದ, ಹಿಮ್ಮೇಳ ಅದೇ ಕಾವಿನಲ್ಲಿ ಎತ್ತಿಕೊಂಡಿತು.

ಡ್ರೆಸ್ ಬಾಡಿಗೆಯವರ ಬಗ್ಗೆ ಬರೆಯದೆ ಇದ್ದರೆ ನಿದ್ದೆ ಬರಲ್ಲ. ದುಶ್ಶಾಸನನಿಗೆ ನವಿಲುಗರಿಯ ಕಿರೀಟ ಕಳಿಸಿದ್ದರು. ಗರಿ ಕಿತ್ತು ಕೊಟ್ಟಿದ್ದಕ್ಕೆ ದಂಡ ಬೇರೆ. ಭುಜಕೀರ್ತಿಯಲ್ಲಿ ಕನ್ನಡಿ ಚೂರು ಇದ್ದ ಕಡೆ ಬರೀ ಅಂಟು. ಮೈಕಿನವರ ಬ್ಯಾಟರಿ ಅಂತೂ ನಾಂದಿಗೇ ಪ್ರಾಣ ಬಿಟ್ಟಿತ್ತು.

ಪೂರ್ತಿ ಗೆದ್ದಿಲ್ಲ. ಕೂಗು ಬರದ ಊರಿನಲ್ಲಿ ಇವನು ಏನು ಮಾಡುತ್ತಾನೆ ಅನ್ನೋದು ಇನ್ನೂ ನೋಡಬೇಕು. ಮೊದಲು ಭೀಮನ ಮಾತನ್ನೇ ಅಷ್ಟು ಗಮನ ಕೊಟ್ಟು ಕೇಳುವ ಅಭ್ಯಾಸ ಶುರುವಾಗಿದೆ: ಭೀಮ ಪ್ರತಿಸಲ ಮಾತಿನಲ್ಲಿ ಒಂದು ಶಬ್ದ ಬದಲಿಸಿ ಹೇಳುತ್ತಾನೆ, ಇವನು ಅದನ್ನು ಹಿಡಿದು ಉತ್ತರ ಕೊಡಬೇಕು.

ಇಷ್ಟರಲ್ಲೇ ತಲೆಗೆ ಇನ್ನೊಂದು ಹುಳ ಹೊಕ್ಕಿದೆ. ತೊಗಲುಗೊಂಬೆ. ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗಿನಿಂದ ನಮ್ಮಲ್ಲೂ ಆ ಮಾತೇ. ಪರದೆ ಹಿಂದೆ ಈ ಹುಡುಗನನ್ನು ಕೂರಿಸಿ ಗೊಂಬೆಯಾಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರ ದನಿಯನ್ನೂ ಅವನಿಗೇ ಕೊಟ್ಟರೆ? ಅಲ್ಲಿ ಜನಕ್ಕೆ ಎದುರುತ್ತರ ಕೊಡಬೇಡ ಅನ್ನುವವರು ಯಾರೂ ಇಲ್ಲ. ಚರ್ಮದ್ದೇ ತಲೆಬಿಸಿ. ಒಬ್ಬರಿಂದ ತರಿಸಿದ ಮೇಕೆ ಚರ್ಮ ರಟ್ಟಿನಷ್ಟು ದಪ್ಪ, ವಾಸನೆಗೆ ಮನೆಯವರು ನನ್ನನ್ನೂ ಸೇರಿಸಿ ಅಂಗಳಕ್ಕೆ ಹಾಕಿದರು. ಕೂದಲು ನೀಟಾಗಿ ಹೆರೆದ, ದೀಪಕ್ಕೆ ಹಿಡಿದರೆ ಆಚೆ ಬೆರಳು ಕಾಣುವಷ್ಟು ತೆಳ್ಳಗಿನ ಚರ್ಮ ಕೊಡುವವರು ಕೊಪ್ಪಳ, ಗಂಗಾವತಿ ಕಡೆ ಗೊತ್ತಿದ್ದರೆ ತಿಳಿಸಿ.