ಕೊನೆಗೌಡರಿಗೆ ನೀವೇ ಫೋನ್ ಮಾಡಿ ನೋಡಿ

ಮೊದಲ ಸಲ ಹೂಡಿಕೆದಾರರ ಮುಂದೆ ಪಿಚ್ ಮಾಡಲು ಹೋದಾಗ ನಮ್ಮ ಹತ್ತಿರ 22 ಸ್ಲೈಡ್ ಇದ್ದವು. 10 ಸ್ಲೈಡ್, 20 ನಿಮಿಷ, 30 ಪಾಯಿಂಟ್ ಅಕ್ಷರ ಸಾಕು ಅಂತ ಸ್ಟಾರ್ಟಪ್ ಗುರು ಗೈ ಕವಾಸಾಕಿ ಯಾವತ್ತೋ ಹೇಳಿದ್ದು ಗೊತ್ತಿದ್ದೂ! ಅಡಿಕೆ ತೋಟಕ್ಕೆ ಕೊನೆಗೌಡರನ್ನು, ಅಂದರೆ ಮರ ಹತ್ತಿ ಔಷಧಿ ಹೊಡೆಯುವವರನ್ನು, ಮೊಬೈಲಲ್ಲೇ ಬುಕ್ ಮಾಡುವ ಆ್ಯಪ್ ನಮ್ಮದು. ಎದುರಿಗೆ ಕೂತವರು ಅಡಿಕೆ ಮರವನ್ನು ನೋಡಿದ್ದು ಕಾರಿನ ಕಿಟಕಿಯಿಂದ ಮಾತ್ರ. ಎಂಟನೇ ಸ್ಲೈಡಿಗೆ ಒಬ್ಬರು ಫೋನ್ ತೆಗೆದರು. ಅವರದ್ದೇನೂ ತಪ್ಪಿಲ್ಲ ಬಿಡಿ, ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಅಂದರೆ ಏನು ಅಂತ ಹೇಳೋಕೆ ನಾವು ಪೈ ಚಾರ್ಟ್ ಹಾಕಿದ್ದೆವು.

2008ರಲ್ಲಿ, ಆನ್‌ಲೈನಲ್ಲಿ ಫೈಲ್ ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸಿನ ಡ್ರೂ ಹ್ಯೂಸ್ಟನ್ ಒಂದು ಚಿಕ್ಕ ಡೆಮೊ ವಿಡಿಯೋ ಹಾಕಿದ್ದರು. ಒಂದೇ ರಾತ್ರಿಯಲ್ಲಿ ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ಏರಿತು. ಅದು ಬಳಕೆದಾರರಿಗೆ ಮಾಡಿದ್ದು, ನಿಜ. ಆದರೆ ತೋರಿಸಿದರೇ ಅಷ್ಟು ಅಂದರೆ, ಅವರ ಕೈಯಲ್ಲೇ ಮಾಡಿಸಿದರೆ?

ಹಾಗಾಗಿ ಎರಡನೇ ಸಲ ಸ್ಲೈಡ್ ಇಲ್ಲ. ಆ್ಯಪ್ ಡಿಸೈನ್ ಮಾಡುವ ಫಿಗ್ಮಾದಲ್ಲಿ ಮಾಡಿದ ಪ್ರೋಟೋಟೈಪನ್ನು ಒಂದು ಫೋನಿಗೆ ಹಾಕಿ ಹೂಡಿಕೆದಾರರ ಕೈಗೇ ಕೊಟ್ಟೆವು. ಜುಲೈ ತಿಂಗಳು, ಸಾಗರದ ಹತ್ತಿರ ಎರಡು ಎಕರೆ ತೋಟ ನಿಮ್ಮದು, ಕೊಳೆರೋಗ ಬರದಂತೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆಸಿ 40 ದಿನ ಆಯ್ತು, ಈಗ ಎರಡನೇ ಸಲದ್ದು ಹೊಡೆಸಬೇಕು, ಆರು ಜನ ಕೊನೆಗೌಡರ ನಂಬರ್ ಇದೆ, ಮಾಡಿ ಫೋನ್ ಅಂದೆವು. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು "ಬರ್ತೀನಿ" ಅಂದು ಬರಲಿಲ್ಲ. ಪ್ರತಿ ಕರೆಗೂ ಎರಡು ದಿನ ಕಳೆಯುತ್ತೆ, ಮಳೆ ಶಬ್ದ ಜಾಸ್ತಿಯಾಗುತ್ತೆ, ಮರದ ಬುಡದಲ್ಲಿ ಉದುರಿದ ಕಾಯಿ ಕಾಣುತ್ತೆ. ನಾಲ್ಕನೇ ಕರೆಗೆ ಅವರು ನಿಜವಾಗಲೂ ಬೈದರು. ಆಮೇಲೆ ನಮ್ಮ ಆ್ಯಪಿನ ಬಟನ್. (ಮಳೆ ಶಬ್ದ ನನ್ನ ಅಮ್ಮ ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿ ಕಳಿಸಿದ್ದು, ಮಧ್ಯೆ ಕುಕ್ಕರ್ ಕೂಗಿದ್ದೂ ಇದೆ.)

ಬಟನ್ ಒತ್ತಿ ಹಸಿರು ಟಿಕ್ ಬಂದ ಕೂಡಲೇ ಅವರು ಕೇಳಿದರು, "ಮಳೆ ಒಂದು ದಿನ ಬಿಟ್ಟಿತು ಅಂತಿಟ್ಕೊಳ್ಳಿ, ಇಡೀ ಊರು ಅವತ್ತೇ ಬುಕ್ ಮಾಡಿದರೆ?"

22 ಸ್ಲೈಡ್ ತೋರಿಸಿದಾಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾವೂ ಕೇಳಿಕೊಂಡಿರಲಿಲ್ಲ, ಅದೇ ನಾಚಿಕೆ. ಕಥೆ ಚೆನ್ನಾಗಿದ್ದರೆ ಎದುರಿನವರು ಅದರೊಳಗೆ ಬರುತ್ತಾರೆ, ಬಂದವರು ಸುಮ್ನೆ ಕೂರುವುದಿಲ್ಲ, ಅಟ್ಟದ ಮೇಲೂ ಹತ್ತಿ ನೋಡುತ್ತಾರೆ. ಉತ್ತರ ಇಲ್ಲ ಅಂತಲೇ ಹೇಳಿದೆವು.

ಹಣ ಇನ್ನೂ ಬಂದಿಲ್ಲ. ಮುಂದಿನ ಮಳೆಗಾಲದಲ್ಲಿ ತೋಟ ನೋಡೋಕೆ ಬರ್ತಾರಂತೆ. ಉಂಬಳ ಹತ್ತುತ್ತೆ ಅಂತ ಮೊದಲೇ ಹೇಳಿದ್ದೀನಿ.