ಇದಕ್ಕ ಹಲ್ಲು ಎಲ್ಲದಾವ?

ಭಾನುವಾರದಿಂದ ದೊಡ್ಡಪ್ಪನ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಗಂಗಾವತಿ ಹತ್ತಿರದ ನಮ್ಮ ಹೊಲದಲ್ಲಿ ಹಳೇ ಬಣವಿ ಬಿಚ್ಚುತ್ತಿದ್ದೆವು. ನೀರಿಳಿದು ತಳದ ನೆಲ್ಲುಹುಲ್ಲೆಲ್ಲ ಬೂಷ್ಟು ಹಿಡಿದಿತ್ತು. ದೊಡ್ಡಪ್ಪ ಒಂದು ಹಿಡಿ ತೆಗೆದು ಹಿಚುಕಿದ. ಎತ್ತು ತಾಸುಗಟ್ಟಲೆ ಮೆಲುಕು ಹಾಕುವ ಹುಲ್ಲು ಅಂಗೈಯಲ್ಲೇ ಪುಡಿಯಾಯಿತು, ಬೆರಳ ಸಂದಿಗೆ ಬಿಳಿ ಎಳೆಗಳು ಅಂಟಿಕೊಂಡವು.

“ಎತ್ತಿಗೆ ಹಲ್ಲದಾವ, ತಿಂತೈತಿ. ಇದಕ್ಕ ಹಲ್ಲು ಎಲ್ಲದಾವ?”

ನಾಲ್ಕು ವರ್ಷದಿಂದ ನಾನು ಲ್ಯಾಬಿನಲ್ಲಿ ಹುಡುಕುತ್ತಿರುವುದು ಇದನ್ನೇ. ನನ್ನ ಗೈಡ್ ಕೂಡ ಇಷ್ಟು ನೇರವಾಗಿ ಕೇಳಿಲ್ಲ.

“ಹಲ್ಲಲ್ಲ ದೊಡ್ಡಪ್ಪ, ತಾಮ್ರ. ಒಂದೇ ಒಂದು ಪರಮಾಣು.”

ಬ್ರೆಡ್ಡಿನ ಮೇಲೆ ಕಿತ್ತಳೆ ಬಣ್ಣಕ್ಕೆ ಬೆಳೆಯುವ ನ್ಯೂರೋಸ್ಪೊರಾ ಕ್ರಾಸಾ ಎಂಬ ಶಿಲೀಂಧ್ರದ ಕಿಣ್ವ ನನ್ನದು. ಅದರೊಳಗಿನ ಹಿಸ್ಟಿಡಿನ್ ಎಂಬ ಎರಡು ಅಮೈನೋ ಆಮ್ಲಗಳು ಇಕ್ಕಳದ ಹಾಗೆ ಹಿಡಿದ ತಾಮ್ರದ ಮೇಲೆ ಆಕ್ಸಿಜನ್ ಬಂದು ಕೂತು, ಹುಲ್ಲಿಗೆ ಗಟ್ಟಿತನ ಕೊಡುವ ಸೆಲ್ಯುಲೋಸ್ ಸರಪಳಿ ಕಡಿಯುತ್ತದೆ. ಆ ಹೊತ್ತಿನಲ್ಲಿ ಹೈಡ್ರೋಜನ್ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎನ್ನುವುದರಲ್ಲೇ ಗುಟ್ಟಿರುವುದು. ಅದನ್ನು ನೋಡಲು ಕಿಣ್ವವನ್ನು ಹರಳುಗಟ್ಟಿಸಿ, ಅದಕ್ಕೆ ಕಿರಣ ಹಾಯಿಸಬೇಕು. ಎಕ್ಸ್-ರೇ ಚದುರುವುದು ಎಲೆಕ್ಟ್ರಾನ್‌ಗಳಿಂದ. ತಾಮ್ರಕ್ಕೆ 29 ಇವೆ, ಎದ್ದು ಕಾಣುತ್ತದೆ. ಹೈಡ್ರೋಜನ್‌ಗೆ ಒಂದೇ, ಸಾಮಾನ್ಯವಾಗಿ ಕಾಣುವುದೇ ಇಲ್ಲ. ಸಾಲದ್ದಕ್ಕೆ ಎಕ್ಸ್-ರೇ ಬಿದ್ದ ತಾಮ್ರದ ಸ್ಥಿತಿಯೇ ಬದಲಾಗಿಬಿಡುತ್ತದೆ. ನ್ಯೂಟ್ರಾನ್‌ಗೆ ಈ ಕಾಟವಿಲ್ಲ, ಅದು ನ್ಯೂಕ್ಲಿಯಸ್ಸನ್ನೇ ತಾಕುತ್ತದೆ. ಹರಳಿಗೆ ಭಾರಜಲ ಕುಡಿಸಿ ಹೈಡ್ರೋಜನ್ ಜಾಗದಲ್ಲಿ ಅದರದೇ ಭಾರದ ರೂಪವಾದ ಡ್ಯೂಟೀರಿಯಂ ಕೂರಿಸಿದರೆ, ಅದು ಕಾರ್ಬನ್ನಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ನ್ಯೂಟ್ರಾನ್ ಕಿರಣ ಬಲು ಕ್ಷೀಣ. ಒಂದೇ ಹರಳನ್ನು ದಿನಗಟ್ಟಲೆ ಅದರ ಮುಂದಿಡಬೇಕು, ಹರಳು ಮಿಲಿಮೀಟರಿನ ಹತ್ತಿರ ಬೆಳೆಯಬೇಕು. ಎಕ್ಸ್-ರೇಗಾದರೆ ಕೂದಲೆಳೆಯ ದಪ್ಪ ಸಾಕು. ಗಾಜಿನ ಪಟ್ಟಿಗೆ ತಲೆಕೆಳಗಾಗಿ ತೂಗುವ ಹನಿಯಲ್ಲಿ ಬೆಳೆದ ನನ್ನ ಹರಳು ಸಾಸಿವೆಯ ಕಾಲುಭಾಗಕ್ಕೂ ಬಂದಿಲ್ಲ. ಊರಿಗೆ ಬಂದಿದ್ದೇ ಆ ಬೇಸರಕ್ಕೆ.

ಕಾಕಾ ಮಾತ್ರ “ಕಡ್ಡಿ ಗೀರು, ಮುಗೀತು” ಅಂತಲೇ ಇದ್ದ. ಕೆಟ್ಟವನಲ್ಲ, ಕಾಲುವೆಗೆ ನೀರು ಬಿಟ್ಟರೆ ಗದ್ದೆ ಖಾಲಿ ಇರಬೇಕು, ಅವನ ಅವಸರ ಅವನಿಗೆ. ಆದರೆ ಸೀಸನ್ನಿಗೆ ಎಷ್ಟು ಹುಲ್ಲು ಹೊಗೆಯಾಗಿ ಹೋಗುತ್ತದೆ ನೋಡಿ! ಅದರೊಳಗೆ ಸೆಲ್ಯುಲೋಸಾಗಿ ಕಟ್ಟಿಕೊಂಡಿರುವುದು ಗ್ಲೂಕೋಸ್. ಬಿಚ್ಚಿದರೆ ಎಥನಾಲ್ ಮಾಡಬಹುದು, ಬಿಚ್ಚುವುದೇ ಕಷ್ಟ. ಬೂಷ್ಟು ಅದನ್ನು ಬೆಂಕಿಯಿಲ್ಲದೆ, ಸದ್ದಿಲ್ಲದೆ ಮಾಡುತ್ತಿದೆ. ನಾವು ಅದನ್ನು ಕೊಳೆತ ಅನ್ನುತ್ತೇವೆ.

“ಆ ತಾಮ್ರಾನ ಯಾರರ ಕಂಡಾರೇನು?” ದೊಡ್ಡಪ್ಪ ಬಿಡಲಿಲ್ಲ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು ಇದೇ ಶಿಲೀಂಧ್ರದ ಕಿಣ್ವಕ್ಕೆ ಎಕ್ಸ್-ರೇ, ನ್ಯೂಟ್ರಾನ್ ಎರಡನ್ನೂ ಹಾಯಿಸಿ, ತಾಮ್ರಕ್ಕೆ ಆಕ್ಸಿಜನ್ ಅಂಟಿದ್ದನ್ನು 2017ರಲ್ಲಿ ತೋರಿಸಿದರು ಎಂದೆ. ಮುಂದಿನ ಹೆಜ್ಜೆಗಳು ಇನ್ನೂ ಬಾಕಿ ಇವೆ ಎಂದೂ ಹೇಳಿದೆ.

ಅವನು ಕೈಯಲ್ಲಿದ್ದ ಪುಡಿಯನ್ನು ಕೊಡವಲಿಲ್ಲ. ಬಣವಿಯ ತಳಕ್ಕೇ ವಾಪಸ್ ಹಾಕಿ, ಮೇಲೊಂದು ಹಸಿ ಚೀಲ ಹೊದಿಸಿದ.

“ಇರಲಿ, ತಿನ್ನಲಿ. ನೀ ದೀಪಾವಳಿಗೆ ಬಂದಾಗ ಮತ್ತ ತೆಗದು ನೋಡೋಣು.”